ಹಳೇ ಸೈನ್ಸ್ ಫಿಕ್ಷನ್ ಆಕ್ಷನ್ ಫಿಗರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ಪುಟ್ಟ ಗೊಂಬೆ, ಒಂದು ಕೈಗೆ ಸಿಕ್ಕ ಕೂಡಲೇ ಎಲ್ಲರೂ ಕೇಳುವುದು ಒಂದೇ: ಇದಕ್ಕೆ ಎಷ್ಟು ಬರುತ್ತೆ? ಅದು ಕೊನೆಗೆ ಕೇಳಬೇಕಾದ್ದು. ಅದಕ್ಕೂ ಮೊದಲು ಮೂರು ವಿಷಯ ಗೊತ್ತಾಗಬೇಕು. ಇದು ಯಾವ ಫಿಗರ್, ಯಾವ ಅಚ್ಚಿನದು? ಇದರ ಜೊತೆ ಇರುವುದೆಲ್ಲ ನಿಜವಾಗಿ ಇದರದ್ದೇನಾ? ಎಷ್ಟು ಸವೆದಿದೆ? ಇವಿಷ್ಟು ಗೊತ್ತಾದ ಮೇಲೆ ಬೆಲೆ ಹುಡುಕುವುದು ಕಷ್ಟವಲ್ಲ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಎಷ್ಟು ಹಳೆಯದಾದರೆ ‘ವಿಂಟೇಜ್’ ಅನ್ನಬಹುದು?

ಬಹಳಷ್ಟು ಸಂಗ್ರಹಕಾರರು 1985ಕ್ಕೆ ಗೆರೆ ಎಳೆಯುತ್ತಾರೆ. ಅಮೆರಿಕದ ಆಟಿಕೆ ಕಂಪನಿ ಕೆನ್ನರ್‌ನ ಮೊದಲ ಸ್ಟಾರ್ ವಾರ್ಸ್ ಸಾಲು, ಅಂದರೆ ಆ ಸಿನಿಮಾದ ಫಿಗರ್‌ಗಳ ಸರಣಿ, 1978ರಲ್ಲಿ ಶುರುವಾಗಿ 1985ಕ್ಕೆ ಮುಗಿಯಿತು. ಆಮೇಲೆ ಹತ್ತು ವರ್ಷ ಆ ಕಡೆ ಸದ್ದಿಲ್ಲ. 1995ರಲ್ಲಿ ಮತ್ತೆ ಬಂದ ಫಿಗರ್‌ಗಳ ಲೆಕ್ಕವೇ ಬೇರೆ.

ಸ್ಟಾರ್ ವಾರ್ಸ್‌ಗಿಂತ ಮುಂಚಿನವೂ ಇವೆ. ಮ್ಯಾಟೆಲ್ ಕಂಪನಿ 1960ರ ದಶಕದಲ್ಲೇ ಮೇಜರ್ ಮ್ಯಾಟ್ ಮೇಸನ್ ಅನ್ನುವ ಗಗನಯಾತ್ರಿಯನ್ನು ಮಾಡಿತ್ತು. ಮೀಗೊ ಕಂಪನಿಯ 8 ಇಂಚಿನ ಸ್ಟಾರ್ ಟ್ರೆಕ್ ಗೊಂಬೆಗಳು 1974ರಲ್ಲಿ ಬಂದವು. ಜಪಾನಿನ ಟಕಾರಾ ಕಂಪನಿಯ ಮೈಕ್ರೊಮ್ಯಾನ್‌ನಿಂದ ಹುಟ್ಟಿದ ಮೈಕ್ರೊನಾಟ್ಸ್ ಅನ್ನು ಅದೇ ಮೀಗೊ 1976ರಲ್ಲಿ ಮಾರಾಟಕ್ಕೆ ತಂದಿತು. ಆಮೇಲೆ 1978ರ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ, 1979ರ ಬಕ್ ರಾಜರ್ಸ್, ಕೆನ್ನರ್‌ನ 18 ಇಂಚಿನ ಏಲಿಯನ್, 1984ರ ಡ್ಯೂನ್. ಸ್ಟಾರ್ ವಾರ್ಸ್ ಮಾಡುವ ಅವಕಾಶ ಮೊದಲು ಮೀಗೊ ಕೈಯಲ್ಲೇ ಇತ್ತು, ಅವರು ಬೇಡ ಅಂದರು. 1980ರ ದಶಕದ ಆರಂಭದಲ್ಲೇ ಆ ಕಂಪನಿ ದಿವಾಳಿಯಾಯಿತು.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಒಂದೇ ಸಾಲು ಹಿಡಿದುಕೊಳ್ಳಿ. ನನ್ನ ಮಾತು ಕೇಳುವುದಾದರೆ ಕೆನ್ನರ್‌ನ ಮೂರೂಮುಕ್ಕಾಲು ಇಂಚಿನ ಸ್ಟಾರ್ ವಾರ್ಸ್, ಅದರಲ್ಲೂ ಲೂಸ್ ಫಿಗರ್, ಅಂದರೆ ಕಾರ್ಡಿನಿಂದ (ಫಿಗರನ್ನು ಅಂಟಿಸಿ ಮಾರುವ ರಟ್ಟಿನಿಂದ) ಬಿಚ್ಚಿ ಆಡಿದ್ದು. ಇವು ಕೋಟಿಗಟ್ಟಲೆ ತಯಾರಾದವು. ಹಾಗಾಗಿ ಸುಲಭವಾಗಿ ಸಿಗುತ್ತವೆ, ಹೋಲಿಸಿ ನೋಡಲು ಅಸಲಿ ಫೋಟೊಗಳೂ ಬೇಕಾದಷ್ಟಿವೆ. ಪಾತ್ರಗಳು ಹೆಚ್ಚು ಕಡಿಮೆ ನೂರು. ಒಂದು ಸಾಲಿನಲ್ಲಿ ಕಣ್ಣು ಪಳಗಿದರೆ ಉಳಿದವನ್ನು ಕಲಿಯುವುದು ಬೇಗ ಆಗುತ್ತೆ.

ಶುರುವಿನಲ್ಲಿ ದೊಡ್ಡ ‘ಲಾಟ್’ ಒಂದನ್ನು, ಅಂದರೆ ಒಟ್ಟಿಗೆ ಸುರಿದು ಮಾರುವ ರಾಶಿಯನ್ನು, ಕೊಳ್ಳುವುದೂ ಒಳ್ಳೆಯದೇ. ಸವೆದ ಫಿಗರ್‌ಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ತಿಳಿಯುವುದು ಫೋಟೊ ನೋಡಿ ತಿಳಿಯುವುದಿಲ್ಲ.

ಕಾಲಿನ ಮೇಲೆ 1977 ಅಂತ ಇದೆ. ಹಾಗಾದರೆ ಇದು 1977ರದ್ದಾ?

ಅಲ್ಲ. ಅದು ಕಾಪಿರೈಟ್ ವರ್ಷ, ತಯಾರಾದ ವರ್ಷವಲ್ಲ. ಅದೇ ಅಚ್ಚಿನಿಂದ ವರ್ಷಗಟ್ಟಲೆ ಫಿಗರ್ ತೆಗೆದಿದ್ದಾರೆ, ಎಲ್ಲದರ ಮೇಲೂ 1977 ಅಂತಲೇ ಇರುತ್ತೆ.

ಅಸಲು ವಿಷಯ ಏನಂದರೆ 1977ರಲ್ಲಿ ಅಂಗಡಿಯಲ್ಲಿ ಫಿಗರ್‌ಗಳೇ ಇರಲಿಲ್ಲ. ಸಿನಿಮಾ ಇಷ್ಟು ಓಡುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಗೊಂಬೆ ತಯಾರಾಗಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಕೆನ್ನರ್ ಮಾರಿದ್ದು ‘ಅರ್ಲಿ ಬರ್ಡ್’ ಅನ್ನುವ ರಟ್ಟಿನ ಪೊಟ್ಟಣ. ಒಳಗೆ ಗೊಂಬೆ ಇಲ್ಲ, ಒಂದು ಸರ್ಟಿಫಿಕೇಟ್ ಇದೆ! ಅದನ್ನು ಅಂಚೆಯಲ್ಲಿ ಕಳಿಸಿದರೆ 1978ರಲ್ಲಿ ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್ಟೂ-ಡೀಟೂ ನಾಲ್ಕೂ ಮನೆಗೆ ಬರುತ್ತಿದ್ದವು.

ಕಾಲಿನ ಹಿಂಬದಿಯಲ್ಲಿ ಜಿ.ಎಂ.ಎಫ್.ಜಿ.ಐ. ಅಂತ ಇದ್ದರೆ ಗಾಬರಿ ಬೇಡ. ಅದು ಜನರಲ್ ಮಿಲ್ಸ್ ಫನ್ ಗ್ರೂಪ್, ಆಗ ಕೆನ್ನರ್‌ನ ಒಡೆಯರು. ಅದರ ಪಕ್ಕ ಹಾಂಗ್‌ಕಾಂಗ್, ತೈವಾನ್, ಮಕಾವ್, ಚೀನಾ, ಹೀಗೆ ಯಾವುದೋ ಒಂದು ಊರೋ ದೇಶವೋ ಇರಬಹುದು. ಕೆಲವದರಲ್ಲಿ ಏನೂ ಇರುವುದಿಲ್ಲ, ಅಚ್ಚಿನಿಂದ ಆ ಸಾಲನ್ನು ಅಳಿಸಿರುತ್ತಾರೆ. ಊರಿನ ಹೆಸರಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಒಂದೇ ಪಾತ್ರದ ಬೇರೆ ಬೇರೆ ಕಾರ್ಖಾನೆಯ ಅಚ್ಚುಗಳಲ್ಲಿ ಮುಖದ ಬಣ್ಣ, ಕೂದಲಿನ ಬಣ್ಣ ಬದಲಾಗುತ್ತೆ. ಅದನ್ನೇ ಬೆನ್ನು ಹತ್ತಿ ಸಂಗ್ರಹಿಸುವವರಿದ್ದಾರೆ. ಮೊದಲ ವರ್ಷವೇ ಆ ಕಡೆ ಹೋಗಬೇಡಿ, ತಲೆ ಕೆಡುತ್ತೆ.

ಮೀಗೊ ಗೊಂಬೆಗಳ ಬೆನ್ನ ಮೇಲೆ ರೋಮನ್ ಅಂಕಿಯಲ್ಲಿ 1971 ಅಂತ ಇರುತ್ತೆ. ಅದೂ ಮೈಯ ಅಚ್ಚಿನ ವರ್ಷ. 1974ರ ನಂತರ ಬಂದ, ಸ್ಟಾರ್ ಟ್ರೆಕ್ ಪಾತ್ರ ಸ್ಪಾಕ್‌ನ ಬೆನ್ನಲ್ಲೂ ಅದೇ ಇರುತ್ತೆ.

ಫಿಗರ್ ಜೊತೆಗಿರುವ ಗನ್ನು, ಕತ್ತಿ ಅಸಲಿಯಾ ಅಂತ ತಿಳಿಯುವುದು ಹೇಗೆ?

ಈ ಹವ್ಯಾಸದಲ್ಲಿ ಜಾಸ್ತಿ ದುಡ್ಡು ಕೈ ಬದಲಾಗುವುದೂ ಇಲ್ಲೇ, ಜಾಸ್ತಿ ಮೋಸವೂ ಇಲ್ಲೇ. ಒಂದು ಇಂಚಿನ ಪ್ಲಾಸ್ಟಿಕ್ ತುಂಡು ಮಕ್ಕಳ ಕೈಯಿಂದ ಜಾರಿ ಹುಲ್ಲಿನಲ್ಲಿ, ಸೋಫಾದ ಸಂದಿಯಲ್ಲಿ ಮಾಯವಾಗಿದೆ. ಫಿಗರ್‌ಗಳು ಉಳಿದವು, ಆಯುಧಗಳು ಉಳಿಯಲಿಲ್ಲ. ಎಷ್ಟೋ ಸಲ ಆಯುಧದ ಬೆಲೆ ಗೊಂಬೆಯ ಬೆಲೆಗಿಂತ ಹೆಚ್ಚು.

ಖಾಲಿ ಕೈಗೆ ಏನಾದರೂ ಕೊಡೋಣ ಅಂತ ರೀಪ್ರೊ, ಅಂದರೆ ಹಳೆಯದರ ಹಾಗೇ ಹೊಸದಾಗಿ ಮಾಡಿದ, ಆಯುಧಗಳನ್ನು ಮಾಡಿ ಮಾರುವವರಿದ್ದಾರೆ. ರೀಪ್ರೊ ಅಂತ ಹೇಳಿಯೇ ಮಾರಿದರೆ ತಪ್ಪೇನಿಲ್ಲ. ಆದರೆ ಎರಡು ಮೂರು ಕೈ ದಾಟುವಷ್ಟರಲ್ಲಿ ಆ ಮಾತು ಬಿಟ್ಟುಹೋಗುತ್ತೆ. ನಾಲ್ಕನೆಯವರು ಅಸಲಿ ಅಂತಲೇ ನಂಬಿ ಮಾರುತ್ತಾರೆ. ಹಾಗಾಗಿ ಮಾರುವವರು ಪ್ರಾಮಾಣಿಕರು ಅನ್ನುವುದೊಂದೇ ಸಾಲದು.

ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯ ಬಗ್ಗೆ ನೀವು ಕೇಳಿರಬಹುದು: ಅಸಲಿ ತೇಲುತ್ತೆ, ನಕಲಿ ಮುಳುಗುತ್ತೆ. ಇದನ್ನು ನಂಬಿ ಕೂರಬೇಡಿ. ಅಸಲಿಗಳಲ್ಲೂ ಮುಳುಗುವವು ಇವೆ, ತೇಲುವ ರೀಪ್ರೊಗಳೂ ಇವೆ. ಪ್ಲಾಸ್ಟಿಕ್ ನೀರಿಗಿಂತ ಹಗುರವೋ ಭಾರವೋ ಅನ್ನುವುದಷ್ಟೇ ಅದರಿಂದ ತಿಳಿಯುವುದು.

ಅದಕ್ಕಿಂತ ಭೂತಗನ್ನಡಿ ಒಳ್ಳೆಯದು. ಗನ್ನಿನ ಮೇಲಿನ ಗೆರೆ, ಗುಂಡಿ, ಟ್ರಿಗರ್ ಸುತ್ತಲಿನ ಅಂಚು ನೋಡಿ. ಅಸಲಿಯಿಂದ ಅಚ್ಚು ತೆಗೆದು ಮತ್ತೆ ಎರಕ ಹೊಯ್ದದ್ದಾದರೆ ಅಂಚುಗಳು ಮಂಕಾಗಿರುತ್ತವೆ, ತುಂಡು ಒಂದು ಕೂದಲೆಳೆಯಷ್ಟು ಚಿಕ್ಕದಾಗಿರುತ್ತೆ. ಮೇಲ್ಮೈಯಲ್ಲಿ ಸಣ್ಣ ಗಾಳಿಗುಳ್ಳೆಯ ಗುಂಡಿಗಳು ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಅಸಲಿಯೊಂದನ್ನು ಪಕ್ಕದಲ್ಲಿಟ್ಟು ಹೊಳಪು, ಬಣ್ಣ, ಬಾಗುವ ರೀತಿ ಹೋಲಿಸುವುದೇ ಕೊನೆಯ ಮಾತು.

‘ಡಬಲ್ ಟೆಲಿಸ್ಕೋಪಿಂಗ್’ ಲೈಟ್‌ಸೇಬರ್ ಅಂದರೇನು?

ಲೈಟ್‌ಸೇಬರ್ ಅಂದರೆ ಸ್ಟಾರ್ ವಾರ್ಸ್‌ನ ಬೆಳಕಿನ ಕತ್ತಿ. ಲ್ಯೂಕ್, ಬೆನ್ ಕೆನೋಬಿ, ಡಾರ್ತ್ ವೇಡರ್ ಮೂವರ ಕತ್ತಿಯೂ ತೋಳಿನ ಒಳಗೇ ಇರುತ್ತೆ, ತಳ್ಳಿದರೆ ಹೊರಗೆ ಬರುತ್ತೆ. ತೀರಾ ಮೊದಲು ತಯಾರಾದ ಕೆಲವದರಲ್ಲಿ ಆ ಕತ್ತಿಯ ಒಳಗಿಂದ ಇನ್ನೊಂದು ತೆಳು ಕಡ್ಡಿ ಹೊರಬರುತ್ತಿತ್ತು. ಮುರಿಯುವುದು ಜಾಸ್ತಿ, ಮಾಡುವ ಖರ್ಚೂ ಜಾಸ್ತಿ, ಹಾಗಾಗಿ ಬೇಗ ಕೈಬಿಟ್ಟರು. ಮೂವರಲ್ಲಿ ಲ್ಯೂಕ್ ಅಪರೂಪಕ್ಕಾದರೂ ಸಿಗುತ್ತಾನೆ. ವೇಡರ್ ಮತ್ತು ಬೆನ್ ಸಿಗುವುದು ಬಹಳ ಕಷ್ಟ. ಇದರ ನಕಲಿಗಳು ಎಷ್ಟೋ ಇವೆ. ತಜ್ಞರು ಕೈಯಲ್ಲಿ ಹಿಡಿದು ನೋಡದ ಫಿಗರ್‌ಗೆ ಆ ಬೆಲೆ ಕೊಡಬೇಡಿ.

ಮಾಮೂಲಿ ಕತ್ತಿಯಾದರೆ ತುದಿ ನೋಡಿ. ಹಲ್ಲಿನಲ್ಲಿ ಕಚ್ಚಿ ಎಳೆದು ತುದಿ ಮುರಿದವೇ ಹೆಚ್ಚು.

ವಿನೈಲ್ ಕೇಪ್ ಜಾವಾಕ್ಕೆ ಯಾಕಷ್ಟು ಬೆಲೆ?

ಜಾವಾ ಸ್ಟಾರ್ ವಾರ್ಸ್‌ನ ಒಂದು ಪುಟಾಣಿ ಫಿಗರ್. ಮೊದಮೊದಲು ಅದಕ್ಕೆ ತೆಳು ವಿನೈಲ್ ನಿಲುವಂಗಿ ಇತ್ತು. ಅಷ್ಟು ಚಿಕ್ಕ ಗೊಂಬೆಗೂ ಬೇರೆಯವುಗಳಷ್ಟೇ ಬೆಲೆ ಇಟ್ಟಾಗ ತೀರಾ ಅಗ್ಗದ್ದಾಗಿ ಕಾಣುತ್ತೆ ಅನ್ನಿಸಿ, ಬಟ್ಟೆಯ ನಿಲುವಂಗಿಗೆ ಬದಲಾಯಿಸಿದರು ಅನ್ನುವುದು ಪ್ರಚಲಿತ ಕಥೆ. ಬದಲಾಗುವ ಮುಂಚೆ ಅಂಗಡಿ ಸೇರಿದವು ಸ್ವಲ್ಪವೇ.

ಈಗ ಯೋಚಿಸಿ. ಗೊಂಬೆ ಅದೇ, ಬೆಲೆಯ ವ್ಯತ್ಯಾಸವೆಲ್ಲ ಒಂದು ಚೂರು ವಿನೈಲ್‌ನಲ್ಲಿದೆ. ಮೋಸಗಾರರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ಬೆನ್ ಕೆನೋಬಿಯ ವಿನೈಲ್ ನಿಲುವಂಗಿಯನ್ನು ಕತ್ತರಿಸಿ ಜಾವಾಕ್ಕೆ ತೊಡಿಸುವುದು ಹಳೇ ವಿದ್ಯೆ. ಬಣ್ಣ ಬೇರೆ, ಮೇಲ್ಮೈಯ ನೆರಿಗೆ ಬೇರೆ, ಕತ್ತರಿಸಿದ ಅಂಚು ಬೇರೆ; ಆದರೂ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಲೂಸ್ ವಿನೈಲ್ ಜಾವಾ ಕಂಡರೆ ಮೊದಲು ನಕಲಿ ಅಂತಲೇ ಇಟ್ಟುಕೊಳ್ಳಿ. ಅಸಲಿ ಅಂತ ತೋರಿಸುವ ಹೊಣೆ ಮಾರುವವರದ್ದು.

ನೀಲಿ ಸ್ನ್ಯಾಗಲ್‌ಟೂತ್ ಸಿಕ್ಕಿದೆ. ಯಾರೋ ಬಣ್ಣ ಹಚ್ಚಿದ್ದಾರಾ?

ಸ್ನ್ಯಾಗಲ್‌ಟೂತ್ ಕೂಡ ಸ್ಟಾರ್ ವಾರ್ಸ್ ಪಾತ್ರವೇ. ಎತ್ತರಕ್ಕಿದ್ದು, ಬೆಳ್ಳಿ ಬಣ್ಣದ ಬೂಟು ಇದ್ದರೆ ಅದು ನಿಜವಾದದ್ದೇ ಇರಬಹುದು. 1978ರಲ್ಲಿ ಅಮೆರಿಕದ ಸಿಯರ್ಸ್ ಅಂಗಡಿಯ ಕ್ಯಾಂಟೀನಾ ಸೆಟ್‌ನಲ್ಲಿ ಮಾತ್ರ ಅದು ಬಂತು. ಗೊಂಬೆ ಮಾಡುವವರ ಕೈಯಲ್ಲಿದ್ದದ್ದು ಆ ಪಾತ್ರದ ಅರ್ಧ ಮೈಯ ಕಪ್ಪು ಬಿಳುಪು ಚಿತ್ರ. ಬಣ್ಣವನ್ನೂ ಊಹಿಸಿದರು, ಎತ್ತರವನ್ನೂ ಊಹಿಸಿದರು, ಎರಡೂ ತಪ್ಪಾಯಿತು. ಆಮೇಲೆ ಬಿಡಿಯಾಗಿ ಮಾರಿದ್ದು ಸರಿಪಡಿಸಿದ ಗಿಡ್ಡ, ಕೆಂಪು ಸ್ನ್ಯಾಗಲ್‌ಟೂತ್. ನೀಲಿ ಇದೆ ಆದರೆ ಗಿಡ್ಡ ಇದೆ ಅಂದರೆ ಮಾತ್ರ ಯಾರದೋ ಕುಂಚದ ಕೆಲಸ.

ಬಿಳಿ ಫಿಗರ್ ಹಳದಿ ಆಗಿದೆ. ತೊಳೆದರೆ ಹೋಗುತ್ತಾ?

ಹೋಗುವುದಿಲ್ಲ. ಅದು ಕೊಳೆ ಅಲ್ಲ, ಪ್ಲಾಸ್ಟಿಕ್ಕೇ ಬದಲಾಗಿದೆ. ಸ್ಟಾರ್ ವಾರ್ಸ್‌ನ ಬಿಳಿ ಕವಚದ ಸೈನಿಕ ಸ್ಟಾರ್ಮ್‌ಟ್ರೂಪರ್ ಒಂದನ್ನು ಬೆಳಕಿನಲ್ಲಿ ಹಿಡಿದು ನೋಡಿ. ಎದೆ ಇನ್ನೂ ಬೆಳ್ಳಗಿರಬಹುದು, ಕೈಕಾಲು ಹಳೇ ಕಾಗದದ ಬಣ್ಣಕ್ಕೆ ತಿರುಗಿರುತ್ತೆ. ಕೈಯನ್ನು ಮೇಲೆತ್ತಿದರೆ ಕಂಕುಳ ಕೆಳಗೆ ಮೂಲ ಬಿಳುಪು ಹಾಗೇ ಇರುತ್ತೆ. ಒಂದೇ ಗೊಂಬೆಯಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಇರುವುದರಿಂದ ಹೀಗೆ: ಗಟ್ಟಿ ಮೈಗೆ ಒಂದು, ಮೆತ್ತನೆಯ ಕೈಕಾಲಿಗೆ ಇನ್ನೊಂದು. ಬಿಸಿಲು, ಶಾಖ, ಗಾಳಿ ಎರಡನ್ನೂ ಬೇರೆ ಬೇರೆ ರೀತಿ ಹಾಳು ಮಾಡುತ್ತವೆ.

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟು ಬೆಳ್ಳಗೆ ಮಾಡುವ ವಿಧಾನ ಒಂದಿದೆ, ರೆಟ್ರೊಬ್ರೈಟ್ ಅನ್ನುತ್ತಾರೆ. ಮೊದಲಿಗೆ ಚಂದ ಕಾಣುತ್ತೆ. ಆದರೆ ಹಳದಿ ಮತ್ತೆ ಬರಬಹುದು, ಮೇಲ್ಮೈ ಪೆಡಸಾಗಬಹುದು, ಬಣ್ಣ ಹಚ್ಚಿದ ಭಾಗ ಮಸುಕಾಗಬಹುದು. ನಿಮ್ಮ ಸ್ವಂತದ್ದಕ್ಕೆ ಮಾಡಿಕೊಂಡರೆ ನಿಮ್ಮಿಷ್ಟ. ಮಾರುವಾಗ ಅದನ್ನು ಮುಚ್ಚಿಡುವುದು ಮೋಸ, ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಮೈ ಅಂಟಂಟಾಗಿದೆ, ಕೆಲವದರ ಮೇಲೆ ಬಿಳಿ ಪುಡಿ ಕೂತಿದೆ. ಬೂಷ್ಟಾ?

ಸಾಮಾನ್ಯವಾಗಿ ಅಲ್ಲ. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಪ್ಲಾಸ್ಟಿಸೈಸರ್ ಕಾಲ ಕಳೆದಂತೆ ಮೇಲಕ್ಕೆ ಬರುತ್ತೆ. ಆಗ ಮೈ ಜಿಗುಟಾಗುತ್ತೆ. ಕೆಲವು ಸಲ ಒಳಗಿನ ಬೇರೆ ಪದಾರ್ಥಗಳು ಹೊರಬಂದು ಬಿಳಿ ಪದರವಾಗಿ ಕೂರುತ್ತವೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಎರಡು ಹನಿ, ಮೆತ್ತನೆಯ ಹಳೇ ಟೂತ್‌ಬ್ರಷ್ ಸಾಕು. ಗಾಳಿಯಾಡದ ಬಿಸಿ ಜಾಗದಲ್ಲಿಟ್ಟರೆ ಮತ್ತೆ ಬರುತ್ತೆ.

ಎಲ್ಲ ಫಿಗರನ್ನೂ ಹಾಗೆ ತೊಳೆಯಬಹುದಾ?

ಬೇಡ. ಆರ್ಟೂ-ಡೀಟೂ ಮೈಗೆ ಸುತ್ತಿರುವುದು ಸ್ಟಿಕರ್, ನೀರು ಬಿದ್ದರೆ ಎದ್ದು ಬರುತ್ತೆ. ಸೀ-ತ್ರೀಪಿಓ ಮೇಲಿನ ಚಿನ್ನದ ಹೊಳಪು ತೆಳು ಲೋಹದ ಲೇಪ, ಉಜ್ಜಿದರೆ ಹೋಗುತ್ತೆ. ಒಣ ಮೆತ್ತನೆ ಬಟ್ಟೆ ಸಾಕು. ಬಟ್ಟೆಯ ನಿಲುವಂಗಿ ಬಿಚ್ಚಿಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಹತ್ತಿರಕ್ಕೂ ತರಬೇಡಿ, ಬಣ್ಣದ ಜೊತೆ ಮುಖವೂ ಕರಗುತ್ತೆ.

ಲೂಸ್ ಫಿಗರ್‌ನ ಸ್ಥಿತಿಯನ್ನು ಅಳೆಯುವುದು ಹೇಗೆ?

ನಾನು ನೋಡುವ ಕ್ರಮ ಹೀಗಿದೆ. ಮೊದಲು ನಿಲ್ಲಿಸುತ್ತೇನೆ. ತಾನಾಗಿ ನಿಂತರೆ ಸೊಂಟದ ಕೀಲು ಗಟ್ಟಿ ಇದೆ. ಕೈಯನ್ನು ಮೇಲೆತ್ತಿ ಬಿಡುತ್ತೇನೆ, ಅಲ್ಲೇ ನಿಲ್ಲಬೇಕು, ಬೀಳಬಾರದು. ಆಮೇಲೆ ಬಣ್ಣ ಸವೆಯುವ ಜಾಗಗಳು: ಮೂಗಿನ ತುದಿ, ಕೂದಲಿನ ಅಂಚು, ಬೂಟಿನ ಮೂತಿ, ಬೆಲ್ಟು. ಆಮೇಲೆ ಕೈಬೆರಳು, ಪಾದ. ಹಲ್ಲಿನ ಗುರುತು ಇರುವುದು ಅಲ್ಲೇ. ಕೊನೆಗೆ ಕಂಕುಳು, ತೊಡೆ ಸಂದಿ ನೋಡಿ ಬಣ್ಣ ಎಷ್ಟು ಮಾಸಿದೆ ಅಂತ ಹೋಲಿಸುತ್ತೇನೆ.

ಮುಖದ ಬಣ್ಣ ಮಾತ್ರ ಹೊಚ್ಚ ಹೊಸದಾಗಿದ್ದು ಬೂಟು ಸವೆದಿದ್ದರೆ ಅನುಮಾನ ಪಡಿ. ಮತ್ತೆ ಬಣ್ಣ ಹಚ್ಚಿರುತ್ತಾರೆ.

ಸಂಗ್ರಹಕಾರರು ಸಿ1ರಿಂದ ಸಿ10ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಬಾಯಿಮಾತಿನ ಅಳತೆ ಅದು, ಒಬ್ಬರ ಸಿ9 ಇನ್ನೊಬ್ಬರ ಸಿ7. ಎಎಫ್‌ಎ (ಆಕ್ಷನ್ ಫಿಗರ್ ಅಥಾರಿಟಿ) ಥರದ ಸಂಸ್ಥೆಗಳು ದುಡ್ಡು ತೆಗೆದುಕೊಂಡು 100ಕ್ಕೆ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. 85 ಅಂದರೆ ತುಂಬ ಒಳ್ಳೆಯದು, 90 ಅಪರೂಪ. ದುಬಾರಿ ಫಿಗರ್‌ಗೆ ಇದು ಸರಿ. ಎಲ್ಲರ ಹತ್ತಿರವೂ ಇರುವ ಫಿಗರ್‌ಗೆ ಮಾಡಿಸಿದರೆ ಗ್ರೇಡಿಂಗ್ ಖರ್ಚೇ ಗೊಂಬೆಗಿಂತ ಹೆಚ್ಚಾಗುತ್ತೆ.

ಕಾರ್ಡಿನಲ್ಲೇ ಇರುವ ಫಿಗರ್ ಕೊಳ್ಳುವಾಗ ಏನು ನೋಡಬೇಕು?

ಇಲ್ಲಿ ಬೆಲೆ ಗೊಂಬೆಗಲ್ಲ, ರಟ್ಟಿಗೆ ಮತ್ತು ಬಬಲ್‌ಗೆ, ಅಂದರೆ ಗೊಂಬೆಯನ್ನು ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್‌ಗೆ. ಕಾರ್ಡಿನ ಹಿಂಬದಿ ತಿರುಗಿಸಿ. 12 ಫಿಗರ್‌ಗಳ ಚಿತ್ರ ಇದ್ದರೆ ಅದು ‘12-ಬ್ಯಾಕ್’, ಅಂದರೆ ಮೊದಲ ಹಂತದ್ದು. ಹೊಸ ಪಾತ್ರಗಳು ಬಂದ ಹಾಗೆ ಆ ಸಂಖ್ಯೆ 20, 21, ಹೀಗೆ ಏರುತ್ತಾ ಹೋಯಿತು. ಕೊನೆಯ ‘ಪವರ್ ಆಫ್ ದ ಫೋರ್ಸ್’ ಕಾರ್ಡಿನಲ್ಲಿ ಫಿಗರ್ ಜೊತೆ ಒಂದು ನಾಣ್ಯವೂ ಇತ್ತು. ಆ ಹೊತ್ತಿಗೆ ಮಕ್ಕಳಿಗೆ ಆಸಕ್ತಿ ಇಳಿದಿತ್ತು, ಮಾರಾಟ ಕಮ್ಮಿ ಆಯಿತು. ಈಗ ಅವುಗಳ ಹಿಂದೆ ಜನ ಬಿದ್ದಿರುವುದು ಅದಕ್ಕೇ. ಅದರಲ್ಲಿ ಯಾಕ್ ಫೇಸ್ ಅನ್ನುವುದು ಅಮೆರಿಕದ ಅಂಗಡಿಗಳಿಗೆ ಬರಲೇ ಇಲ್ಲ.

ಬಬಲ್ ಒಡೆದಿದೆಯಾ, ನಜ್ಜುಗುಜ್ಜಾಗಿದೆಯಾ, ಹಳದಿಯಾಗಿದೆಯಾ ನೋಡಿ. ಬೆಲೆ ಚೀಟಿ ಕಿತ್ತ ಗಾಯ ಇದೆಯಾ, ಮೇಲಿನ ತೂಗುವ ತೂತಿನ ರಟ್ಟು ಹಾಗೇ ಇದೆಯಾ, ಕಂಪನಿಯ ಅಂಚೆ ಆಫರ್‌ಗೆ ಕಳಿಸಲು ಹಿಂಬದಿಯ ಚೌಕ ಕತ್ತರಿಸಿದ್ದಾರಾ, ಅದನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯ ಬಬಲ್‌ನ ಅಂಚು. ರಟ್ಟಿನ ಜೊತೆ ಕಾರ್ಖಾನೆಯ ಅಂಟು ಸುತ್ತಲೂ ಒಂದೇ ಸಮ ಕೂತಿರಬೇಕು. ರಟ್ಟಿನ ಬಣ್ಣ ಹರಿದು ಮತ್ತೆ ಅಂಟಿಸಿದ ಹಾಗಿದ್ದರೆ ಅಥವಾ ಅಂಟು ಹೊಸದಾಗಿ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿ ಮುಚ್ಚಿದ್ದಾರೆ.

ಮೀಗೊ ಸ್ಟಾರ್ ಟ್ರೆಕ್‌ಗೂ ಇದೇ ನಿಯಮಗಳಾ?

ಸ್ವಲ್ಪ ಬೇರೆ. ಮೀಗೊ ಗೊಂಬೆಯ ಕೈಕಾಲನ್ನು ಮೈ ಒಳಗೆ ಎಲಾಸ್ಟಿಕ್ ಹಿಡಿದಿರುತ್ತೆ. ಅದು ಒಣಗಿ ತುಂಡಾದರೆ ಗೊಂಬೆ ಬಿಡಿಬಿಡಿಯಾಗುತ್ತೆ. ಹೊಸ ಎಲಾಸ್ಟಿಕ್ ಹಾಕುವುದನ್ನು ಯಾರೂ ತಪ್ಪು ಅನ್ನುವುದಿಲ್ಲ, ಆದರೂ ಹೇಳಿ ಮಾರಬೇಕು. ಮೊದಲ ಬಗೆಯ ಮೈಯಲ್ಲಿ ಮೊಣಕೈ ಮೊಣಕಾಲಿಗೆ ಲೋಹದ ರಿವೆಟ್, ಆಮೇಲಿನದಕ್ಕೆ ಪ್ಲಾಸ್ಟಿಕ್ ಪಿನ್ನು. ತಲೆ, ಮೈ, ಬಟ್ಟೆ, ಬೂಟು ಎಲ್ಲ ಸುಲಭವಾಗಿ ಬದಲಾಯಿಸಬಹುದಾದ್ದರಿಂದ ಬೆರಕೆ ಗೊಂಬೆಗಳು ಜಾಸ್ತಿ. ಕಿರ್ಕ್, ಸ್ಪಾಕ್ ಧಾರಾಳ ಸಿಗುತ್ತಾರೆ. ಕೊನೆಗೆ ಬಂದ ರೋಮುಲನ್, ಆಂಡೋರಿಯನ್, ಟಲೋಸಿಯನ್, ಮುಗಾಟೊ ಸಿಗುವುದು ಕಷ್ಟ, ಅವುಗಳಿಗೇ ರೀಪ್ರೊ ತಲೆ, ರೀಪ್ರೊ ಬಟ್ಟೆ ಹೆಚ್ಚು.

ಮೇಜರ್ ಮ್ಯಾಟ್ ಮೇಸನ್?

ರಬ್ಬರ್‌ನಂಥ ಮೈಯ ಒಳಗೆ ತಂತಿ. ಬಗ್ಗಿಸಿ ಬಗ್ಗಿಸಿ ತಂತಿ ಮುರಿದಿರುತ್ತೆ, ಕೀಲಿನ ಕಪ್ಪು ಬಣ್ಣ ಉದುರಿರುತ್ತೆ. ಕೊಂಡ ಮೇಲೆ ಬಗ್ಗಿಸಿ ಪರೀಕ್ಷೆ ಮಾಡಬೇಡಿ, ಇದ್ದ ಹಾಗೇ ಇಡಿ.

ರಾಕೆಟ್ ಹಾರಿಸುವ ಬೋಬಾ ಫೆಟ್ ನಿಜವಾಗಿ ಇದೆಯಾ?

ಸ್ಟಾರ್ ವಾರ್ಸ್ ಪಾತ್ರ ಬೋಬಾ ಫೆಟ್‌ನ ಬೆನ್ನಿಂದ ರಾಕೆಟ್ ಹಾರುವ ಅಂಥ ಗೊಂಬೆ ಇದೆ, ಆದರೆ ಅಂಗಡಿಯಲ್ಲಿ ಎಂದೂ ಮಾರಾಟವಾಗಲಿಲ್ಲ. 1979ರಲ್ಲಿ ಕೆನ್ನರ್ ಅದನ್ನು ಅಂಚೆ ಆಫರ್ ಆಗಿ ಜಾಹೀರಾತು ಮಾಡಿತ್ತು. ಅಷ್ಟರಲ್ಲಿ ಮ್ಯಾಟೆಲ್‌ನ ಗ್ಯಾಲಕ್ಟಿಕಾ ಆಟಿಕೆಯಿಂದ ಹಾರುವ ಚಿಕ್ಕ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತು. ಆಮೇಲೆ ಇಂಥ ಆಟಿಕೆಗಳ ಮೇಲೆಲ್ಲ ಕಣ್ಣು ಬಿತ್ತು. ಕೆನ್ನರ್ ಮಕ್ಕಳಿಗೆ ಕಳಿಸಿದ್ದು ರಾಕೆಟ್ ಅಂಟಿಸಿದ ಬೋಬಾ ಫೆಟ್. ಹಾರಿಸುವವು ಮಾದರಿಗಳಾಗಿಯೇ ಉಳಿದವು. ಬೆನ್ನಿನ ಸೀಳು ಎಲ್ ಆಕಾರವೋ ಜೆ ಆಕಾರವೋ ಅನ್ನುವುದರ ಮೇಲೆ ಅವುಗಳಲ್ಲೂ ಬಗೆಗಳಿವೆ. 2024ರಲ್ಲಿ ಅಂಥದ್ದೊಂದು ಹರಾಜಿನಲ್ಲಿ 5,25,000 ಡಾಲರ್‌ಗೆ ಹೋಯಿತು. ಅಟ್ಟದ ಮೇಲೆ ಸಿಕ್ಕಿತು ಅಂತ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ನಮಸ್ಕಾರ ಹೇಳಿ ಕಳಿಸಿ.

ಕೆನ್ನರ್ ಹೆಸರಿಲ್ಲ, ಬೇರೆ ಕಂಪನಿ ಹೆಸರಿದೆ. ನಕಲಿಯಾ?

ಹೆಸರು ಯಾವುದು ಅಂತ ನೋಡಿ. ಬ್ರಿಟನ್ನಿನಲ್ಲಿ ಪ್ಯಾಲಿಟಾಯ್, ಮೆಕ್ಸಿಕೊದಲ್ಲಿ ಲಿಲಿ ಲೆಡಿ, ಜಪಾನಿನಲ್ಲಿ ಟಕಾರಾ ಪರವಾನಗಿ ಪಡೆದೇ ಮಾರಿದರು. ಲಿಲಿ ಲೆಡಿ ಫಿಗರ್‌ಗಳ ಬಣ್ಣ, ಬಟ್ಟೆಯಲ್ಲಿ ವ್ಯತ್ಯಾಸ ಇರುವುದರಿಂದ ಅವಕ್ಕೆ ಬೇಡಿಕೆ ಜಾಸ್ತಿ. ಆ ಕಾಲದಲ್ಲೇ ಪರವಾನಗಿ ಇಲ್ಲದೆ ಮಾಡಿದ ಬೂಟ್‌ಲೆಗ್‌ಗಳೂ ಇವೆ. ಟರ್ಕಿಯ ಉಝಾಯ್ ಸಾಲಿನವು ಈಗ ತಾವೇ ದುಬಾರಿ ಸಂಗ್ರಹ ವಸ್ತುಗಳು. ಅವುಗಳಿಗೂ ನಕಲಿ ಬಂದಿದೆ. ನಕಲಿಯ ನಕಲಿ!

ಸರಿಯಾದ ಬೆಲೆ ತಿಳಿಯುವುದು ಹೇಗೆ?

ಜಾಹೀರಾತಿನಲ್ಲಿ ಕೇಳುವ ಬೆಲೆ ಬೆಲೆಯಲ್ಲ, ಆಸೆ. ಹರಾಜು ಮತ್ತು ಮಾರಾಟ ತಾಣಗಳಲ್ಲಿ ‘ಮಾರಾಟವಾದದ್ದು’ ಅನ್ನುವ ಪಟ್ಟಿ ತೆಗೆಯಿರಿ. ಅದರಲ್ಲೂ ನಿಮ್ಮದೇ ಸ್ಥಿತಿಯ, ನಿಮ್ಮಲ್ಲಿರುವಷ್ಟೇ ಬಿಡಿಭಾಗ ಇರುವ ಫಿಗರ್‌ಗೆ ಹೋಲಿಸಿ. ಆಯುಧ ಇಲ್ಲದ ಫಿಗರ್‌ನ ಬೆಲೆ ಆಯುಧ ಇರುವುದರ ಬೆಲೆಯಲ್ಲಿ ಸ್ವಲ್ಪ ಕಳೆದದ್ದಲ್ಲ. ಎಷ್ಟೋ ಸಲ ಅರ್ಧಕ್ಕೂ ಕಮ್ಮಿ. ಒಂದು ದೊಡ್ಡ ಹರಾಜಿನ ಸುದ್ದಿ ಓದಿ ಎಲ್ಲದಕ್ಕೂ ಬೆಲೆ ಕಟ್ಟಬೇಡಿ, ಅಲ್ಲಿ ಇಬ್ಬರು ಹಠಕ್ಕೆ ಬಿದ್ದಿರುತ್ತಾರೆ.

1995ರ ನಂತರದವು ಕಾರ್ಡಿನಲ್ಲೇ ಇವೆ. ಒಳ್ಳೇ ಬೆಲೆ ಬರುತ್ತಾ?

ಬಹುತೇಕ ಇಲ್ಲ. ಹಳೆಯವು ದುಬಾರಿಯಾದದ್ದು ಮಕ್ಕಳು ಬಿಚ್ಚಿ ಆಡಿ ಹಾಳು ಮಾಡಿದ್ದರಿಂದ. 1995ರ ನಂತರದವನ್ನು ದೊಡ್ಡವರೇ ಕೊಂಡು ಬಿಚ್ಚದೆ ಇಟ್ಟರು. ಎಲ್ಲರ ಹತ್ತಿರವೂ ಹೊಸದಾಗಿಯೇ ಇದೆ. ಬಿಚ್ಚಿ ಆಡಿ.

ಇಡುವುದು ಹೇಗೆ?

ನೇರ ಬಿಸಿಲು ಬೀಳದ, ತಂಪಾದ, ತೇವ ಇಲ್ಲದ ಜಾಗ. ಮೆತ್ತನೆಯ ಪಿವಿಸಿ ಚೀಲ ಬೇಡ, ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಜಿಪ್ ಚೀಲ ಆಗಬಹುದು. ಫಿಗರ್‌ಗಳು ಒಂದಕ್ಕೊಂದು ಒತ್ತಿಕೊಂಡಿರಬಾರದು. ಆಟಿಕೆ ವಾಹನದ ಸೀಟಿನಲ್ಲಿ ಕೂರಿಸಿ ವರ್ಷಗಟ್ಟಲೆ ಬಿಡಬೇಡಿ. ಮೆತ್ತನೆ ಪ್ಲಾಸ್ಟಿಕ್‌ನ ಎಣ್ಣೆ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ, ಎತ್ತಿದಾಗ ಸೀಟಿನಲ್ಲಿ ತೊಡೆಯ ಅಚ್ಚು ಮೂಡಿರುತ್ತೆ. ಆಯುಧವನ್ನು ಸದಾ ಕೈಯಲ್ಲಿ ತುರುಕಿಟ್ಟರೆ ಬೆರಳು ಅಗಲವಾಗುತ್ತೆ ಅಥವಾ ಸೀಳುತ್ತೆ. ಚಿಕ್ಕ ಚೀಲದಲ್ಲಿ ಹಾಕಿ, ಯಾರದ್ದು ಅಂತ ಚೀಟಿ ಬರೆದು ಪಕ್ಕದಲ್ಲಿಡಿ.

ಚಿಕ್ಕ ಮಕ್ಕಳಿಗೆ ಆಡಲು ಕೊಡಬಹುದಾ?

ಬೇಡ. ಬಿಡಿಭಾಗಗಳು ಗಂಟಲಿಗೆ ಸಿಗುವ ಗಾತ್ರದವು. ಹಳೇ ಪ್ಲಾಸ್ಟಿಕ್, ಹಳೇ ಬಣ್ಣಗಳಲ್ಲಿ ಈಗಿನ ನಿಯಮ ಒಪ್ಪದ ಸೀಸ, ಕ್ಯಾಡ್ಮಿಯಂ ಇರಬಹುದು.

ಮಾರಲು ಹೊರಟಿದ್ದೇನೆ. ಏನೇನು ತೋರಿಸಬೇಕು?

ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲಿಟ್ಟು ಫೋಟೊ ತೆಗೆಯಿರಿ. ಮುಂದೆ, ಹಿಂದೆ, ಎರಡೂ ಪಕ್ಕ, ಮುಖ ಹತ್ತಿರದಿಂದ, ಕಾಲಿನ ಮೇಲಿನ ಅಕ್ಷರ ಓದುವಷ್ಟು ಹತ್ತಿರದಿಂದ. ಕೈ ಎತ್ತಿ ಕಂಕುಳ ಬಣ್ಣ ತೋರಿಸಿ. ಆಯುಧವನ್ನು ಕೈಯಿಂದ ತೆಗೆದು ಬೇರೆ ಇಟ್ಟು ಎರಡೂ ಬದಿ ತೆಗೆಯಿರಿ. ಬಣ್ಣ ಹೋದ ಜಾಗ, ಸಡಿಲ ಕಾಲು, ಹಲ್ಲಿನ ಗುರುತು ಇದ್ದರೆ ಅದಕ್ಕೇ ಒಂದು ಫೋಟೊ ಇರಲಿ. ರೀಪ್ರೊ ಭಾಗ ಏನಾದರೂ ಇದ್ದರೆ ವಿವರಣೆಯ ಕೊನೆಯಲ್ಲಿ ಅಲ್ಲ, ಶೀರ್ಷಿಕೆಯಲ್ಲೇ ಬರೆಯಿರಿ. ಆಯುಧ ಅಸಲಿಯೋ ಅಲ್ಲವೋ ಅಂತ ಗೊತ್ತಾಗದಿದ್ದರೆ ಅದನ್ನು ಬಿಟ್ಟು ಬರೀ ಗೊಂಬೆಗೆ ಬೆಲೆ ಇಡಿ, ಆಯುಧ ಜೊತೆಗೆ ಉಚಿತ ಅನ್ನಿ. ಕೊಳ್ಳುವವರು ಬಲ್ಲವರಾದರೆ ಅವರೇ ನೋಡಿಕೊಳ್ಳುತ್ತಾರೆ.